ಸಂಘದ ಕಾರ್ಯದರ್ಶಿಗೊಬ್ಬ ಗುಮಾಸ್ತ

ದೋಹಾದ ನಮ್ಮ ಸಂಘಗಳಲ್ಲಿ ಹಣಕ್ಕಿಂತ ಬೇಗ ಖರ್ಚಾಗುವುದು ಶುಕ್ರವಾರ. ಶನಿವಾರ ಎಲ್ಲರಿಗೂ ರಜೆ ಇರುವುದಿಲ್ಲ. ಹಾಗಾಗಿ ವಾರದ ಸಾಮಾನು, ಮಕ್ಕಳ ಹೋಂವರ್ಕು, ಊರಿಗೆ ಫೋನು, ಸಂಘದ ಸಭೆ ಎಲ್ಲವೂ ಆ ಒಂದೇ ದಿನದಲ್ಲಿ ಮುಗಿಯಬೇಕು. ನಾನು ಎರಡು ವರ್ಷ ಇಲ್ಲಿನ ಸಣ್ಣ ಸಂಘವೊಂದರ ಕಾರ್ಯದರ್ಶಿಯಾಗಿದ್ದೆ. ಆ ಅವಧಿಯಲ್ಲಿ ಏನು ಸೇವೆ ಮಾಡಿದಿರಿ ಎಂದು ಯಾರಾದರೂ ಕೇಳಿದರೆ, ಪ್ರಾಮಾಣಿಕ ಉತ್ತರ ಒಂದೇ: ಟೈಪ್ ಮಾಡಿದೆ. ಒಂದೇ ವಿಷಯವನ್ನು ಸದಸ್ಯರಿಗೆ ಕನ್ನಡದಲ್ಲಿ, ಸಭಾಂಗಣದವರಿಗೆ ಇಂಗ್ಲಿಷಿನಲ್ಲಿ, ನಾಲ್ಕು ಸಾಲಿಗೆ ಇಳಿಸಿ ವಾಟ್ಸ್ಯಾಪ್ ಗುಂಪಿಗೆ, ಮುಂದೆ ಎರಡು ಸಾಲು ವಿನಯ ಸೇರಿಸಿ ಮುಖ್ಯ ಅತಿಥಿಗಳಿಗೆ. ಜನರ ಜೊತೆ ಕಳೆದದ್ದಕ್ಕಿಂತ ಲ್ಯಾಪ್‌ಟಾಪಿನ ಮುಂದೆ ಕಳೆದದ್ದೇ ಹೆಚ್ಚು.

ಕತಾರಿನಲ್ಲಿ ಸುಮಾರು ಎಂಟು ಲಕ್ಷ ಭಾರತೀಯರಿದ್ದಾರೆ. ನಮ್ಮವರ ಪಾಲಿಗೆ ಕರ್ನಾಟಕ ಸಂಘ ಕತಾರ್ ಇದೆ, ತುಳು ಕೂಟವಿದೆ, ಬಂಟರ ಸಂಘ, ಬಿಲ್ಲವರ ಸಂಘ, ದಕ್ಷಿಣ ಕನ್ನಡದ ಮುಸ್ಲಿಂ ಬಂಧುಗಳ ಸಂಘಗಳಿವೆ. ಎಲ್ಲದರ ಮೇಲೆ ರಾಯಭಾರ ಕಚೇರಿಯ ಆಶ್ರಯದಲ್ಲಿ ನಡೆಯುವ ಭಾರತೀಯ ಸಾಂಸ್ಕೃತಿಕ ಕೇಂದ್ರ, ಮತ್ತು ಕಷ್ಟಕ್ಕೆ ಸಿಕ್ಕವರ ಕೈಹಿಡಿಯಲೆಂದೇ 1984ರಲ್ಲಿ ಹುಟ್ಟಿದ ಐಸಿಬಿಎಫ್ ಇವೆ. ಇವನ್ನೆಲ್ಲ ಎಳೆಯುವವರು ಹಗಲಿಗೆ ಇನ್ನೊಂದು ನೌಕರಿ ಮಾಡುವ ಸ್ವಯಂಸೇವಕರು. ರಾತ್ರಿ ಹತ್ತರ ಮೇಲೆ ಇವರ ಎರಡನೇ ಪಾಳಿ ಶುರುವಾಗುತ್ತದೆ. ಎಐ ಸಹಾಯಕಗಳು ಲಾಭರಹಿತ ಸಂಸ್ಥೆಗಳಿಗೆ ಯಾವ ಕೆಲಸಕ್ಕೆ ಬರುತ್ತವೆ ಎಂಬ ಪ್ರಶ್ನೆಯನ್ನು ಅಮೆರಿಕದ ದೊಡ್ಡ ಟ್ರಸ್ಟುಗಳ ಮಟ್ಟದಲ್ಲಿ ಕೇಳಿದರೆ ಒಂದು ಉತ್ತರ ಸಿಗುತ್ತದೆ. ಈ ಎರಡನೇ ಪಾಳಿಯವರ ಮಟ್ಟದಲ್ಲಿ ಕೇಳಿದರೆ ಸಿಗುವ ಉತ್ತರ ಬೇರೆ. ನನಗೆ ಗೊತ್ತಿರುವುದು ಎರಡನೆಯದು.

ತಾಲ್ಲೂಕು ಕಚೇರಿಯ ಹೊರಗೆ ಮರದ ಕೆಳಗೆ ಕೂತು ಅರ್ಜಿ ಬರೆದುಕೊಡುವವರನ್ನು ನೆನಪಿಸಿಕೊಳ್ಳಿ. ಯಾವ ಅರ್ಜಿಯನ್ನು ಯಾವ ಒಕ್ಕಣೆಯಲ್ಲಿ ಬರೆಯಬೇಕೆಂಬುದು ಅವರಿಗೆ ಬಾಯಿಪಾಠ. ಆದರೆ ನಿಮ್ಮ ಜಮೀನಿನ ಚಕ್ಕುಬಂದಿ ಅವರಿಗೆ ಗೊತ್ತಿಲ್ಲ. ನೀವು ಹೇಳಿದ್ದನ್ನು ಬರೆಯುತ್ತಾರೆ. ಹೇಳದೇ ಬಿಟ್ಟರೆ, ಸಾಮಾನ್ಯವಾಗಿ ಹೀಗಿರುತ್ತದೆ ಎಂದು ತಾವೇ ತುಂಬಿಬಿಡುತ್ತಾರೆ. ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್ ಎಲ್ಲವೂ ಈ ಜಾತಿಯ ಗುಮಾಸ್ತರೇ. ಕೈಬರಹ ಚೆಂದ, ಬೇಸರವೆಂಬುದಿಲ್ಲ, ನಡುರಾತ್ರಿಗೂ ಎದ್ದು ಕೂರುತ್ತವೆ. ಖಾಲಿ ಬಿಟ್ಟ ಜಾಗವನ್ನು ತಾವೇ ತುಂಬುವ ಚಟವೂ ಅಷ್ಟೇ ಗಟ್ಟಿ.

ಇವಕ್ಕೆ ಹೇಳಿಮಾಡಿಸಿದ ಕೆಲಸ ಯಾವುದು ಗೊತ್ತೇ? ಅಧಿಕಾರ ಹಸ್ತಾಂತರ. ನಗಬೇಡಿ. ಸಮಿತಿಯ ಅವಧಿ ಮುಗಿಯುತ್ತದೆ, ಹೊಸಬರು ಬರುತ್ತಾರೆ. ಹಳಬರು ಕೊಟ್ಟುಹೋಗುವುದು ಒಂದು ಬ್ಯಾನರು, ಒಂದು ದೀಪದ ಕಂಬ, ಅರ್ಧ ಪೆಟ್ಟಿಗೆ ಸ್ಮರಣಿಕೆಗಳು, ಮತ್ತು ‘ಎಲ್ಲ ವಾಟ್ಸ್ಯಾಪಿನಲ್ಲಿದೆ, ನೋಡ್ಕೊಳ್ಳಿ’ ಎಂಬ ಮಾತು. ಕಳೆದ ರಾಜ್ಯೋತ್ಸವಕ್ಕೆ ಧ್ವನಿವರ್ಧಕ ಯಾರಿಂದ ತಂದರು, ಮುಂಗಡ ಎಷ್ಟು ಕೊಟ್ಟರು, ಸಭಾಂಗಣಕ್ಕೆ ಎಷ್ಟು ದಿನ ಮೊದಲು ಪತ್ರ ಕೊಡಬೇಕು, ಹಮದ್ ವೈದ್ಯಕೀಯ ನಿಗಮದ ರಕ್ತದಾನ ವಿಭಾಗದೊಂದಿಗೆ ಯಾರು ಮಾತಾಡಿದ್ದರು, ಇದೆಲ್ಲ ಎರಡು ಸಾವಿರ ‘ಗುಡ್ ಮಾರ್ನಿಂಗ್’ ಚಿತ್ರಗಳ ಕೆಳಗೆ ಹೂತುಹೋಗಿರುತ್ತದೆ. ಪ್ರತಿ ಹೊಸ ಸಮಿತಿಯೂ ಸಂಘವನ್ನು ಮೊದಲಿನಿಂದ ಕಂಡುಹಿಡಿಯುತ್ತದೆ.

ನಾನು ಅಧಿಕಾರ ಬಿಡುವ ತಿಂಗಳು ಮಾಡಿದ್ದು ಇಷ್ಟೇ. ಪದಾಧಿಕಾರಿಗಳ ಗುಂಪಿನ ಮಾತುಕತೆಯನ್ನು ಫೈಲ್ ಮಾಡಿ ಇಳಿಸಿಕೊಂಡೆ. ಹೆಸರು, ಫೋನ್ ನಂಬರುಗಳನ್ನು ಅಳಿಸಿ ‘ಖಜಾಂಚಿ’, ‘ಸದಸ್ಯ 1’ ಎಂದು ಬದಲಿಸಿದೆ. ಬೇಸರದ ಕೆಲಸ, ಆದರೆ ಇದನ್ನು ಬಿಡುವ ಹಾಗಿಲ್ಲ. ಆಮೇಲೆ ಯಂತ್ರಕ್ಕೆ ಹೇಳಿದೆ: ‘ಇದರಲ್ಲಿ ಒಂದೊಂದು ಕಾರ್ಯಕ್ರಮಕ್ಕೂ ಏನೇನು ಮಾಡಿದರು, ಯಾವ ಕ್ರಮದಲ್ಲಿ, ಎಷ್ಟು ದಿನ ಮೊದಲು ಎಂಬುದನ್ನು ಮಾತ್ರ ಆರಿಸಿ ಕೊಡು. ಇದರಲ್ಲಿ ಇಲ್ಲದ್ದನ್ನು ಸೇರಿಸಬೇಡ. ಗೊತ್ತಾಗದ ಕಡೆ ಗೊತ್ತಾಗಲಿಲ್ಲ ಎಂದು ಬರೆ.’ ಬಂದದ್ದು ಆರು ಪುಟ. ಎರಡು ಕಡೆ ತಪ್ಪಿತ್ತು, ನಾನೇ ಆ ಕಾರ್ಯಕ್ರಮಗಳಲ್ಲಿ ಇದ್ದುದರಿಂದ ಕಣ್ಣಿಗೆ ಬಿತ್ತು, ತಿದ್ದಿದೆ. ಮುಂದಿನ ಕಾರ್ಯದರ್ಶಿ ಆ ಆರು ಪುಟ ಓದಿ ‘ಇಷ್ಟು ವರ್ಷ ಇದನ್ನ ಯಾರೂ ಯಾಕೆ ಬರೆದಿಡಲಿಲ್ಲ ಸರ್?’ ಅಂದ. ಶುಕ್ರವಾರ ಇರಲಿಲ್ಲ ಮಾರಾಯ, ಅದಕ್ಕೆ.

ಸಭೆಯ ನಡಾವಳಿಯೂ ಹೀಗೆಯೇ. ಮನೆಗೆ ಹೋಗುವಾಗ ಕಾರಿನಲ್ಲೇ ಐದು ನಿಮಿಷ ಧ್ವನಿಸಂದೇಶ ಮಾಡಿ, ಅದನ್ನು ಅಕ್ಷರಕ್ಕಿಳಿಸಿ, ನಡಾವಳಿಯ ರೂಪಕ್ಕೆ ತರಿಸಬಹುದು. ಒಂದೇ ತೊಡಕು, ನಾವು ಮಾತಾಡುವುದು ಒಂದೇ ಭಾಷೆಯಲ್ಲಿ ಅಲ್ಲ. ಕನ್ನಡದಲ್ಲಿ ಶುರುವಾದ ವಾಕ್ಯ ತುಳುವಿನಲ್ಲಿ ತಿರುಗಿ, ನಡುವೆ ‘ಮಂದೂಬ್’, ‘ಬತಾಕ’ ಎಂಬ ಅರಬ್ಬಿ ಪದಗಳನ್ನು ಹೊತ್ತು ಇಂಗ್ಲಿಷಿನಲ್ಲಿ ಮುಗಿಯುತ್ತದೆ. 2024ರ ಜೂನ್‌ನಲ್ಲಿ ಗೂಗಲ್ ಅನುವಾದಕ್ಕೆ ಒಮ್ಮೆಲೇ ನೂರಹತ್ತು ಭಾಷೆಗಳು ಸೇರಿದಾಗ ಅವುಗಳಲ್ಲಿ ತುಳುವೂ ಒಂದಾಗಿತ್ತು, ಸಂತೋಷ. ಆದರೆ ಕಲಬೆರಕೆ ಮಾತಿಗೆ ಇನ್ನೂ ಯಾರೂ ನಿಘಂಟು ಮಾಡಿಲ್ಲ.

ಲೆಕ್ಕದ ವಿಷಯ ಎರಡೇ ಮಾತಿನಲ್ಲಿ ಹೇಳುತ್ತೇನೆ. ರಸೀದಿಗಳ ಮೊತ್ತವನ್ನು ಕೂಡಿಸಿಕೊಡು ಎಂದು ಈ ಸಹಾಯಕರನ್ನು ಕೇಳಬೇಡಿ. ಎಕ್ಸೆಲ್‌ನಲ್ಲಿ ಕೂಡಿಸುವ ಸೂತ್ರ ಬರೆದುಕೊಡು ಎಂದು ಕೇಳಿ. ಮಾತಿನ ಯಂತ್ರಕ್ಕೆ ಸಂಖ್ಯೆಯೂ ಒಂದು ಮಾತು, ಆತ್ಮವಿಶ್ವಾಸದಿಂದ ತಪ್ಪು ಹೇಳಬಲ್ಲದು. ಸೂತ್ರವನ್ನಾದರೆ ಖಜಾಂಚಿ ಪರೀಕ್ಷಿಸಬಹುದು.

ಸ್ವಾಗತ ಭಾಷಣ, ನಿರೂಪಣೆ, ವಂದನಾರ್ಪಣೆಗಳನ್ನು ಎಐ ಬರೆದರೆ ಎಲ್ಲ ಒಂದೇ ಥರ ಇರುತ್ತವೆ ಎಂದು ದೂರುವವರಿದ್ದಾರೆ. ಅವರು ನಮ್ಮ ಹಳೆಯ ಸ್ವಾಗತ ಭಾಷಣಗಳನ್ನು ಕೇಳಿಲ್ಲ.

ಇನ್ನು ಭಾಷೆಯ ವಿಷಯಕ್ಕೆ ಬರೋಣ. ನನಗೆ ಹೆಚ್ಚು ಭಯ ಇರುವುದೂ ಇಲ್ಲೇ. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸುದ್ದಿ ಕನ್ನಡದಲ್ಲಿ ಸಾಮಾಜಿಕ ಜಾಲತಾಣಕ್ಕೆ ಏರಿತು. ಮೆಟಾದ ಸ್ವಯಂಚಾಲಿತ ಅನುವಾದ ಅದನ್ನು ಇಂಗ್ಲಿಷಿಗೆ ತಂದಾಗ ತೀರಿಕೊಂಡವರು ಮುಖ್ಯಮಂತ್ರಿಗಳೇ ಆಗಿದ್ದರು! ಸಿದ್ದರಾಮಯ್ಯನವರು ಬಹಿರಂಗವಾಗಿ ಆಕ್ಷೇಪಿಸಿದರು, ಅವರ ಕಚೇರಿಯಿಂದ ಪತ್ರ ಹೋಯಿತು, ಮೆಟಾ ಕ್ಷಮೆ ಕೇಳಿ ದೋಷ ಸರಿಪಡಿಸಿದ್ದಾಗಿ ಹೇಳಿತು.

ನಮ್ಮ ವಾಕ್ಯರಚನೆಯನ್ನು ನೋಡಿದರೆ ಇಂಥ ತಪ್ಪು ಎಲ್ಲಿ ನುಸುಳುತ್ತದೆ ಎಂದು ಊಹಿಸಬಹುದು. ‘ಅಧ್ಯಕ್ಷರು ನಿನ್ನೆ ನಿಧನರಾದ ಹಿರಿಯ ಸದಸ್ಯರ ಅಂತಿಮ ದರ್ಶನ ಪಡೆದರು’ ಎಂದು ನಾವು ಸಲೀಸಾಗಿ ಬರೆಯುತ್ತೇವೆ. ಕರ್ತೃ ಮೊದಲೇ ಬಂದು ಕೂತಿದ್ದಾನೆ, ಅವನ ಕ್ರಿಯೆ ಕೊನೆಯಲ್ಲಿದೆ, ನಡುವೆ ಬೇರೆಯವರ ಸಾವು. ‘ನಿಧನರಾದ’ ಎಂಬ ವಿಶೇಷಣ ಮುಂದಿನ ಪದಕ್ಕೆ ಅಂಟುತ್ತದೆಂದು ಕನ್ನಡದ ಕಿವಿಗೆ ಗೊತ್ತು. ಯಂತ್ರ ಅದನ್ನು ಹಿಂದಿನ ಅಧ್ಯಕ್ಷರಿಗೆ ಅಂಟಿಸಿದರೆ, ಕಥೆ ಮುಗಿಯಿತು. ಹಾಗಾಗಿ ನನ್ನ ಅಭ್ಯಾಸ: ಅನುವಾದಕ್ಕೆ ಕೊಡುವ ಮೊದಲು ಕನ್ನಡವನ್ನೇ ಒಡೆಯುತ್ತೇನೆ. ‘ಹಿರಿಯ ಸದಸ್ಯರೊಬ್ಬರು ನಿನ್ನೆ ನಿಧನರಾದರು. ಅಧ್ಯಕ್ಷರು ಅವರ ಅಂತಿಮ ದರ್ಶನ ಪಡೆದರು.’ ಸೊಗಸು ಸ್ವಲ್ಪ ಹೋಗುತ್ತದೆ, ಅಧ್ಯಕ್ಷರು ಉಳಿಯುತ್ತಾರೆ.

ಕನ್ನಡದಿಂದ ಇಂಗ್ಲಿಷಿಗೆ ಬಂದ ತಪ್ಪನ್ನು ಸಮಿತಿಯಲ್ಲಿ ಯಾರಾದರೂ ಹಿಡಿಯುತ್ತಾರೆ. ಅರಬ್ಬಿಯದನ್ನು ಹಿಡಿಯುವವರು ಯಾರು? ಈ ದೇಶದ ಸರ್ಕಾರಿ ವ್ಯವಹಾರ ಅರಬ್ಬಿಯಲ್ಲಿ ನಡೆಯುತ್ತದೆ, ನಮ್ಮಲ್ಲಿ ಹೆಚ್ಚಿನವರಿಗೆ ಅದು ಬಾರದು. ಎಐ ಬಂದ ಮೇಲೆ ಇಂಗ್ಲಿಷ್ ಪತ್ರವನ್ನು ಒಂದು ಗುಂಡಿ ಒತ್ತಿ ಅರಬ್ಬಿಗೆ ತಿರುಗಿಸಿ, ಸಂಘದ ಮೊಹರು ಹೊಡೆದು ಕಳಿಸುವ ಚಪಲ ಶುರುವಾಗಿದೆ. ಇದನ್ನು ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅರಬ್ಬಿಯಿಂದ ನಮ್ಮ ಕಡೆಗೆ ಬರುವುದು ಬೇರೆ. ಒಬ್ಬ ಹುಡುಗ ಅರಬ್ಬಿ ನೋಟಿಸು ಹಿಡಿದು ಬಂದರೆ, ಅದು ದಂಡದ ಕಾಗದವೋ, ವಿಚಾರಣೆಯ ದಿನಾಂಕವೋ, ಬಾಡಿಗೆ ವಿಷಯವೋ ಎಂದು ಅಂದಾಜು ಮಾಡಿ, ಯಾರ ಬಳಿ ಕಳಿಸಬೇಕೆಂದು ತೀರ್ಮಾನಿಸಲು ಯಂತ್ರದ ಓದು ಸಾಕು. ಅಲ್ಲಿ ತಪ್ಪಾದರೆ ಮುಂದೆ ಅರಬ್ಬಿ ಬಲ್ಲವರು ತಿದ್ದುತ್ತಾರೆ. ನಾವು ಸಹಿ ಹಾಕಿ ಕಳಿಸುವ ಕಾಗದದಲ್ಲಿ ತಪ್ಪಾದರೆ ಅದು ನಮ್ಮ ಮಾತಾಗಿ ನಿಲ್ಲುತ್ತದೆ. ಓದಲು ಬಾರದ ಭಾಷೆಯನ್ನು ಯಂತ್ರದಿಂದ ಓದಿಸಿಕೊಳ್ಳಿ, ಅದರಲ್ಲಿ ಬರೆಸಬೇಡಿ.

ಅಂದಹಾಗೆ, ಯಂತ್ರಕ್ಕೆ ಅರಬ್ಬಿ ಸರಿಯಾಗಿ ಬರಬೇಕೆಂಬ ಚಿಂತೆ ಕತಾರಿಗೇ ಇದೆ. ಹಮದ್ ಬಿನ್ ಖಲೀಫಾ ವಿಶ್ವವಿದ್ಯಾಲಯದ ಕಂಪ್ಯೂಟಿಂಗ್ ಸಂಶೋಧನಾ ಸಂಸ್ಥೆ ‘ಫನಾರ್’ ಎಂಬ ಅರಬ್ಬಿ ಕೇಂದ್ರಿತ ಭಾಷಾ ಮಾದರಿಯನ್ನು ಕಟ್ಟಿತು, ಅದು 2024ರ ಡಿಸೆಂಬರಿನಲ್ಲಿ ಹೊರಬಂತು. ಅನಿಲದ ದುಡ್ಡಿರುವ ದೇಶ ಮಾಡಿಕೊಂಡಿತು. ಯಂತ್ರಕ್ಕೆ ಕನ್ನಡ ಕಲಿಸಲು ನಮ್ಮ ಕಡೆ ‘ಕಾರ್ಯ’ ಎಂಬ ಬೆಂಗಳೂರಿನ ಸಂಸ್ಥೆ ಹಳ್ಳಿಯ ಜನರಿಂದ ಕನ್ನಡ ವಾಕ್ಯಗಳನ್ನು ಓದಿಸಿ ಧ್ವನಿಮುದ್ರಿಸಿ, ಅವರಿಗೆ ಒಳ್ಳೆಯ ಕೂಲಿ ಕೊಡುತ್ತಿದೆ. ಆ ದಾರಿ ನಿಧಾನದ್ದು.

ಎರಡನೆಯ ಭಯ, ಹಳಸಿದ ಕಾನೂನು. ಸಂಘಗಳಿಗೆ ಬರುವ ಕರೆಗಳಲ್ಲಿ ಎಷ್ಟೋ ಕೂಲಿಗೆ ಸಂಬಂಧಿಸಿದವು: ಸಂಬಳ ಬಂದಿಲ್ಲ, ಕಂಪನಿ ಬದಲಿಸಬಹುದೇ, ಬಿಸಿಲಲ್ಲಿ ದುಡಿಸುತ್ತಿದ್ದಾರೆ. ಇಲ್ಲಿನ ನಿಯಮಗಳು ಕೆಲವೇ ವರ್ಷಗಳಲ್ಲಿ ತಲೆಕೆಳಗಾಗಿವೆ. ಮಾಲೀಕನ ನಿರಾಕ್ಷೇಪಣಾ ಪತ್ರವಿಲ್ಲದೆ ಕೆಲಸ ಬದಲಿಸುವಂತಿರಲಿಲ್ಲ. 2020ರ ಕಾನೂನು ಆ ಪತ್ರವನ್ನು ತೆಗೆದುಹಾಕಿ ನೋಟಿಸ್ ಅವಧಿಯನ್ನಷ್ಟೇ ಉಳಿಸಿತು. 2021ರ ಮಾರ್ಚಿನಿಂದ ಎಲ್ಲರಿಗೂ ಕನಿಷ್ಠ 1000 ರಿಯಾಲ್ ಮೂಲ ವೇತನ, ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ರಿಯಾಲ್ ಸೇರಿಸಿ ಕೊಡಬೇಕೆಂದಾಯಿತು. ಬೇಸಿಗೆಯ ಬಿಡುವು 2007ರ ಆದೇಶದಲ್ಲಿ ಜೂನ್ 15ರಿಂದ ಆಗಸ್ಟ್ 31ರ ತನಕ, ಹನ್ನೊಂದೂವರೆಯಿಂದ ಮೂರರವರೆಗೆ ಇತ್ತು. 2021ರ ಆದೇಶ ಅದನ್ನು ಜೂನ್ 1ರಿಂದ ಸೆಪ್ಟೆಂಬರ್ 15ಕ್ಕೂ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆಗೂ ಹಿಗ್ಗಿಸಿತು.

ಅಂತರ್ಜಾಲದ ತುಂಬ ಹಳೆಯ ನಿಯಮದ ಬರಹಗಳೂ ಇವೆ, ಹೊಸದರ ಬರಹಗಳೂ ಇವೆ. ಗುಮಾಸ್ತ ಎರಡನ್ನೂ ಓದಿಕೊಂಡಿದ್ದಾನೆ. ಬರೀ ಬಾಯಿಮಾತಿನಲ್ಲಿ ಕೇಳಿದರೆ ಯಾವುದು ನಾಲಿಗೆಗೆ ಬರುತ್ತದೋ ಅದೃಷ್ಟ. ಕೆಲಸ ಬದಲಿಸಬಯಸುವ ಒಬ್ಬನಿಗೆ ‘ನಿರಾಕ್ಷೇಪಣಾ ಪತ್ರ ಬೇಕು’ ಎಂಬ ಹಳೆಯ ಉತ್ತರ ಸಿಕ್ಕರೆ ಅವನು ಇನ್ನೊಂದು ವರ್ಷ ಅದೇ ಕಂಪನಿಯಲ್ಲಿ ಕೊಳೆಯುತ್ತಾನೆ. ಆದ್ದರಿಂದ ಮೊದಲು ಕಾರ್ಮಿಕ ಸಚಿವಾಲಯದ ಈಗಿನ ಕಾಗದವನ್ನೇ ಅದರ ಮುಂದಿಡಬೇಕು. ‘ಇದರಲ್ಲಿರುವುದನ್ನಷ್ಟೇ ಸರಳ ಕನ್ನಡದಲ್ಲಿ ಹೇಳು, ಯಾವ ಕಲಮಿನಿಂದ ತೆಗೆದೆ ಎಂದು ಪಕ್ಕದಲ್ಲಿ ಬರೆ’ ಎನ್ನಬೇಕು. ಬೆಂಗಳೂರಿನ ಶಿಕ್ಷಣ ಫೌಂಡೇಶನ್, ಮೈಕ್ರೋಸಾಫ್ಟ್ ಸಂಶೋಧಕರ ಜೊತೆ ಸೇರಿ ಸರ್ಕಾರಿ ಶಾಲೆಯ ಮೇಷ್ಟ್ರುಗಳಿಗಾಗಿ ‘ಶಿಕ್ಷಾ ಕೋಪೈಲಟ್’ ಎಂಬ ಸಹಾಯಕವನ್ನು 2023ರಲ್ಲಿ ಪರೀಕ್ಷೆಗಿಳಿಸಿದಾಗ ಮಾಡಿದ್ದೂ ಇದನ್ನೇ. ಅಲ್ಲಿ ಪಾಠಯೋಜನೆಗೆ ಪಠ್ಯಕ್ರಮವೇ ಆಧಾರ, ಬಂದದ್ದನ್ನು ತಿದ್ದಿ ತರಗತಿಗೆ ಒಯ್ಯುವವರು ಮೇಷ್ಟ್ರು.

ಕಾನೂನಿನ ಮಾತು ಬಂದಾಗ ಇನ್ನೊಂದು ಎಚ್ಚರಿಕೆ. ‘ಆಸ್ಪತ್ರೆಯಲ್ಲಿರುವ ನಮ್ಮವರೊಬ್ಬರಿಗೆ ನೆರವು ಕೋರುವ ಮನವಿ ಬರೆದುಕೊಡು’ ಎಂದರೆ ಯಾವ ಸಹಾಯಕವಾದರೂ ಕಣ್ಣೀರು ಬರುವ ಹಾಗೆ ಬರೆದು, ಕೊನೆಗೆ ‘ಬ್ಯಾಂಕ್ ಖಾತೆ ಸಂಖ್ಯೆ ಇಲ್ಲಿ ಸೇರಿಸಿ’ ಎಂದು ಜಾಗವನ್ನೂ ಬಿಟ್ಟುಕೊಡುತ್ತದೆ. ಅಮೆರಿಕದಲ್ಲಿ ಅದು ಸಹಜ. ಇಲ್ಲಿ 2014ರ 15ನೇ ಕಾನೂನಿನಂತೆ ಪರವಾನಗಿ ಇಲ್ಲದೆ ದೇಣಿಗೆ ಎತ್ತುವುದು ಅಪರಾಧ. ದತ್ತಿ ಚಟುವಟಿಕೆಗಳ ನಿಯಂತ್ರಣಕ್ಕೆಂದೇ ಪ್ರತ್ಯೇಕ ಪ್ರಾಧಿಕಾರವಿದೆ. ನೀವು ಕೂತಿರುವ ದೇಶ ಯಾವುದೆಂದು ಹೇಳದಿದ್ದರೆ ಗುಮಾಸ್ತನಿಗೆ ಅದರ ಪರಿವೆ ಇರುತ್ತದೆಂಬ ಖಾತ್ರಿಯಿಲ್ಲ. ಆ ಮನವಿ ಒಮ್ಮೆ ವಾಟ್ಸ್ಯಾಪಿಗೆ ಬಿದ್ದರೆ ಪೊಲೀಸ್ ಠಾಣೆಗೆ ಹೋಗಬೇಕಾದವರು ಕಾರ್ಯದರ್ಶಿ.

ಹೆಸರು ಅಳಿಸುವ ಕೆಲಸ ಬಿಡುವ ಹಾಗಿಲ್ಲ ಎಂದೆನಲ್ಲ, ಕಾರಣ ಹೇಳುತ್ತೇನೆ. ಕಷ್ಟದಲ್ಲಿರುವವನು ಸಂಘದವರಿಗೆ ಎಲ್ಲವನ್ನೂ ಕಳಿಸಿಬಿಡುತ್ತಾನೆ: ಪಾಸ್‌ಪೋರ್ಟು, ಕತಾರ್ ಐಡಿ, ವೈದ್ಯರ ವರದಿ, ಹೆಂಡತಿ ಬರೆದ ಸಂದೇಶ. ನಂಬಿಕೆಯಿಂದ ಕಳಿಸುತ್ತಾನೆ. ಅದನ್ನೆಲ್ಲ ಹಾಗೇ ಎತ್ತಿ ಉಚಿತ ಖಾತೆಯ ಚಾಟ್‌ಬಾಟಿಗೆ ಸುರಿದರೆ, ಅದು ಯಂತ್ರದ ತರಬೇತಿಗೂ ಬಳಕೆಯಾಗಬಹುದು. ಬೇಡವೆನ್ನುವ ಆಯ್ಕೆ ಸೆಟ್ಟಿಂಗ್ಸಿನಲ್ಲಿ ಇರುತ್ತದೆ, ಹುಡುಕಿ ಒತ್ತುವವರು ಎಷ್ಟು ಮಂದಿ? ಕತಾರಿನಲ್ಲಿ 2016ರಿಂದಲೇ ವೈಯಕ್ತಿಕ ಮಾಹಿತಿಯ ಗೋಪ್ಯತೆಗೆ ಕಾನೂನಿದೆ. ಆರೋಗ್ಯ, ಧರ್ಮ, ಮಕ್ಕಳಿಗೆ ಸಂಬಂಧಿಸಿದ ವಿವರಗಳಿಗೆ ಅದರಲ್ಲಿ ಹೆಚ್ಚಿನ ಕಾವಲು. ಕಾನೂನು ಹಾಗಿರಲಿ, ಊರಲ್ಲಿ ನೀವು ನಂಬಿ ಹೇಳಿದ ಗುಟ್ಟನ್ನು ಕೇಳಿದವರು ಪಕ್ಕದ ಅಂಗಡಿಯಲ್ಲಿ ಇಟ್ಟು ಬಂದರೆ ಹೇಗಿರುತ್ತದೆ?

ಹೆಸರು ಕೊಡದೆಯೂ ಎಐಯಿಂದ ಕೆಲಸ ತೆಗೆಯಬಹುದು. ಸಾವಿನ ಸಂದರ್ಭವನ್ನೇ ತೆಗೆದುಕೊಳ್ಳಿ. ಪಾರ್ಥಿವ ಶರೀರವನ್ನು ಊರಿಗೆ ಕಳಿಸಲು ಮರಣ ಪ್ರಮಾಣಪತ್ರ, ಪೊಲೀಸರ ಅನುಮತಿ, ರಾಯಭಾರ ಕಚೇರಿಯಲ್ಲಿ ಪಾಸ್‌ಪೋರ್ಟ್ ರದ್ದತಿ ಮತ್ತು ನಿರಾಕ್ಷೇಪಣಾ ಪತ್ರ, ದೇಹ ಕೆಡದಂತೆ ಸಂಸ್ಕರಿಸಿದ ಪ್ರಮಾಣಪತ್ರ, ವಿಮಾನದ ಕಾರ್ಗೊ ಬುಕಿಂಗ್, ಭಾರತ ಸರ್ಕಾರ 2023ರಲ್ಲಿ ತಂದ ಇ-ಕೇರ್ ಪೋರ್ಟಲಿನ ನೋಂದಣಿ, ಹೀಗೆ ಒಂದರ ಹಿಂದೆ ಒಂದು. ನಾಲ್ಕು ಮಂದಿ ನಾಲ್ಕು ಕಡೆ ಓಡುತ್ತಿರುತ್ತಾರೆ, ಊರಿನಿಂದ ಗಂಟೆಗೊಮ್ಮೆ ಫೋನು. ಯಾವ ಕಾಗದ ಯಾರ ಕೈಯಲ್ಲಿದೆ, ಮುಂದಿನ ಕಚೇರಿ ಯಾವುದು, ಅದು ಎಷ್ಟಕ್ಕೆ ಮುಚ್ಚುತ್ತದೆ ಎಂಬ ಪಟ್ಟಿಯನ್ನು ಎಐಯಿಂದ ಮೊದಲೇ ಮಾಡಿಸಿ, ಅನುಭವಿಗಳಿಂದ ತಿದ್ದಿಸಿ ಇಟ್ಟುಕೊಂಡರೆ ಆ ಎರಡು ದಿನ ತಲೆ ನೆಟ್ಟಗಿರುತ್ತದೆ. ಹೆಸರಿನ ಜಾಗ ಖಾಲಿ ಇರಲಿ, ಪೆನ್ನಿನಲ್ಲಿ ತುಂಬಿ. ಪಾಸ್‌ಪೋರ್ಟ್ ನೋಡಿ, ಅಕ್ಷರ ಅಕ್ಷರ ಓದಿ ತುಂಬಿ. ಮತ್ತು ಮನೆಯವರಿಗೆ ಕಳಿಸುವ ಸಂತಾಪದ ನಾಲ್ಕು ಸಾಲನ್ನು ಯಂತ್ರದಿಂದ ಬರೆಸಬೇಡಿ ಎಂದು ಹೇಳಬೇಕೆನಿಸುತ್ತದೆ, ಆದರೆ ನಾನೇ ಒಮ್ಮೆ ಬರೆಸಿದ್ದೇನೆ. ರಾತ್ರಿ ಎರಡು ಗಂಟೆಯಾಗಿತ್ತು. ಬಂದದ್ದು ಚೆನ್ನಾಗಿಯೇ ಇತ್ತು, ಕಳಿಸಲು ಕೈ ಬರಲಿಲ್ಲ.

ಒಮ್ಮೆ, ಮೇಲೆ ಹೇಳಿದ ಬಿಸಿಲಿನ ಬಿಡುವಿನ ನಿಯಮವನ್ನು ಕನ್ನಡದಲ್ಲಿ ಒಂದು ಪುಟದ ಕರಪತ್ರ ಮಾಡಿ ಸನಯ್ಯಾದ, ಅಂದರೆ ಇಂಡಸ್ಟ್ರಿಯಲ್ ಏರಿಯಾದ, ಕ್ಯಾಂಪುಗಳಲ್ಲಿ ಹಂಚೋಣವೆಂದು ಕೆಲವರು ಹೊರಟೆವು. ಸಚಿವಾಲಯದ ಆದೇಶವನ್ನು ಮುಂದಿಟ್ಟು ಎಐಯಿಂದ ಬರೆಸಿದೆವು. ದಿನಾಂಕ ಸರಿ, ಸಮಯ ಸರಿ. ಉಷ್ಣತೆಯ ಸೂಚ್ಯಂಕ 32.1 ಡಿಗ್ರಿ ದಾಟಿದರೆ ಯಾವ ಹೊತ್ತಿನಲ್ಲಾದರೂ ಕೆಲಸ ನಿಲ್ಲಿಸಬೇಕೆಂಬ ಅಂಶವೂ ಇತ್ತು, ಅದಕ್ಕೆ ‘ಆರ್ದ್ರ ಗೋಳ ತಾಪಮಾನ’ ಎಂಬ ಘನವಾದ ಹೆಸರಿತ್ತು. ಮೂವರು ಓದಿ ತಲೆಯಾಡಿಸಿದೆವು. ಮುದ್ರಿಸುವ ಮುಂಚೆ ಒಬ್ಬರಿಗಾದರೂ ತೋರಿಸೋಣವೆಂದು ರಾಯಚೂರು ಕಡೆಯ ಒಬ್ಬ ಮೇಸ್ತ್ರಿಯ ಕೈಗೆ ಕೊಟ್ಟೆ. ಆತ ನಿಧಾನವಾಗಿ ಓದಿದ.

‘ಈ ಗೋಳ ಯಾತಕ್ಕ ಬೇಕ್ರಿ ಅಣ್ಣಾರ? ಹತ್ತರಿಂದ ಮೂರೂವರಿ ತನಕ ಬಿಸಿಲಾಗ ದುಡಿಸಂಗಿಲ್ಲ ಅಂತ ಬರೀರಿ, ಸಾಕು.’

ಬರೆದುಕೊಂಡೆ. ಆತ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದ, ಮತ್ತೆ ಮುಂದೆ ತಿರುಗಿಸಿದ.

‘ಕಂಪ್ನಿಯವ್ರು ದುಡಿಸಿದ್ರಂದ್ರ ಯಾರಿಗೆ ಫೋನ್ ಹಚ್ಚಬೇಕ್ರಿ?’

ದೂರು ಕೊಡುವ ಸಂಖ್ಯೆಯನ್ನು ನಾವು ಹಾಕಿರಲೇ ಇಲ್ಲ. ನಾವು ಮುಂದಿಟ್ಟ ಆದೇಶದ ಹಾಳೆಯಲ್ಲಿ ಅದು ಇರಲಿಲ್ಲ, ಇಲ್ಲದ್ದನ್ನು ಸೇರಿಸಬೇಡವೆಂದು ನಾನೇ ಯಂತ್ರಕ್ಕೆ ಹೇಳಿದ್ದೆ. ಓದಿ ತಲೆಯಾಡಿಸಿದ ಮೂವರಿಗೂ ಹೊಳೆದಿರಲಿಲ್ಲ. ಸಚಿವಾಲಯದ ಸಂಖ್ಯೆಯನ್ನು ಹುಡುಕಿ, ಒಮ್ಮೆ ಫೋನ್ ಮಾಡಿ ಖಾತ್ರಿಪಡಿಸಿಕೊಂಡು, ಹಾಳೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಹಾಕಿ, ಮುಂದಿನ ಶುಕ್ರವಾರ ಮುದ್ರಣಕ್ಕೆ ಕೊಟ್ಟೆವು.